ಗುರಿಯ ಪಕ್ಕದ ಕುರ್ಚಿ

ಗುಂಡು ಹಾರಿಸುವುದು ಸ್ನೈಪರ್ ಕೆಲಸದ ಅತ್ಯಂತ ಸಣ್ಣ ಭಾಗ. ಉಳಿದದ್ದೆಲ್ಲ ಸುಮ್ಮನೆ ಬಿದ್ದುಕೊಂಡಿರುವುದು. ಕಳೆದ ಭಾನುವಾರ ನಾನು ಹೀಗೆಂದಾಗ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯ ಸೋಫಾದಲ್ಲಿ ಕೂತಿದ್ದ ಇಬ್ಬರು ಹುಡುಗರೂ ಮುಖ ಮುಖ ನೋಡಿಕೊಂಡು ನಕ್ಕರು. ಇಬ್ಬರೂ ಕರ್ನಾಟಕದವರು, ನೌಕಾಪಡೆಯ ಕಮಾಂಡೊ ತರಬೇತಿಗೆ ಆಯ್ಕೆಯಾದವರು. ಒಬ್ಬನ ಜೊತೆ ಅವನ ಹೊಸ ಹೆಂಡತಿಯೂ ಬಂದಿದ್ದಳು, ಕೈಯ ಮದರಂಗಿ ಇನ್ನೂ ಪೂರ್ತಿ ಮಾಸಿರಲಿಲ್ಲ. ಬಂದದ್ದು ನಮ್ಮವರ ಅನುಭವ ಕೇಳೋದಕ್ಕೆ. ನಮ್ಮವರು, ಅಂದರೆ ನನ್ನ ಗಂಡ ಮಾರುತಿ, ನೌಕಾಪಡೆಯ ವಿಶೇಷ ಕಮಾಂಡೊ ತುಕಡಿಯಲ್ಲಿ ಸ್ನೈಪರ್ ಆಗಿದ್ದವರು. ಅವರು ತುಂಬ ಯೋಚಿಸಿ ಕೊಟ್ಟ ಉಪದೇಶ ಇಷ್ಟು: "ನೀರು ಕುಡೀರಿ. ಸಿಕ್ಕಿದಾಗ ನಿದ್ದೆ ಮಾಡಿ."

ಮುಗೀತು! ಇಪ್ಪತ್ತೆರಡು ವರ್ಷದ ನೌಕರಿ ಎರಡು ವಾಕ್ಯದಲ್ಲಿ! ಆಮೇಲೆ ಅವರು ಚಹಾ ಮಾಡಲು ಒಳಗೆ ಹೋದರು. ಆ ಹುಡುಗಿಯ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಬರೆದು ಕಳಿಸ್ತೀನಮ್ಮ" ಅಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹುದ್ದೆ, ಪದಕ ಎಲ್ಲ ಗೋಡೆಯ ಮೇಲಿವೆ, ಬಂದಾಗ ನೋಡಿಕೊಳ್ಳಿ. ನಿಜವಾದ ಕಾರ್ಯಾಚರಣೆಗಳ ಬಗ್ಗೆ ಅವರು ನನಗೂ ಹೇಳಿಲ್ಲ, ಹಾಗಾಗಿ ಹೇಳಿಬಿಟ್ಟೇನು ಎಂಬ ಭಯವೂ ಇಲ್ಲ. ಹಿಂತಿರುಗಿ ಬಂದಾಗ ಚಪ್ಪಲಿ ಹೇಗೆ ಬಿಡುತ್ತಿದ್ದರು ಅನ್ನುವುದು ಗೊತ್ತು. ಎರಡೂ ಜೋಡಿಸಿ ಇಟ್ಟರೆ ಎಲ್ಲ ಸರಿ. ಒಂದು ಮಗುಚಿದ್ದರೆ ಎರಡು ದಿನ ನಾನು ಏನೂ ಕೇಳುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಓದುವಾಗ ಹೊಲಿಗೆ ಕಲಿಸುವ ಸಿಸ್ಟರ್ ಒಬ್ಬರು ನನ್ನ ಹೊಲಿಗೆ ಒಂದು ದಾರದಷ್ಟು ಸೊಟ್ಟ ಹೋದರೂ ಪೂರ್ತಿ ಬಿಚ್ಚಿಸುತ್ತಿದ್ದರು. ನನ್ನ ಕಣ್ಣು ತಯಾರಾದದ್ದು ಅಲ್ಲಿ. ಅವರ ಕಣ್ಣು ತಯಾರಾದದ್ದು ಕಾರವಾರದ ಕಡೆಯ ಸಮುದ್ರದಲ್ಲಿ, ಅಪ್ಪನ ದೋಣಿಯ ಮೂತಿಯಲ್ಲಿ ಕೂತು ನೀರಿನ ಬಣ್ಣದಲ್ಲೇ ಮೀನಿನ ಹಿಂಡು ಗುರುತಿಸುವಾಗ.

ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮದುವೆಯಾಗಿ ಎರಡು ತಿಂಗಳು. ಆಗ ನಾವು ಪಶ್ಚಿಮ ಕರಾವಳಿಯ ಒಂದು ನೆಲೆಯಲ್ಲಿದ್ದೆವು. ಅವರಿಗೆ ಅವತ್ತು ತೆವಳುವ ಪರೀಕ್ಷೆ. ಅದು ಹೀಗೆ: ದೂರದಲ್ಲಿ ಒಬ್ಬ ಅಧಿಕಾರಿ ದುರ್ಬೀನು ಹಿಡಿದು ಕೂತಿರುತ್ತಾರೆ. ಇವರು ಗೋಣಿನಾರು, ಹುಲ್ಲು ಸಿಕ್ಕಿಸಿದ ಅಂಗಿ ತೊಟ್ಟು, ಹೊಟ್ಟೆಯ ಮೇಲೆ ತೆವಳುತ್ತ, ಅವರ ಕಣ್ಣಿಗೆ ಬೀಳದೆ ಹತ್ತಿರ ಹೋಗಿ ಒಂದು ಖಾಲಿ ಗುಂಡು ಹಾರಿಸಬೇಕು. ನಾಲ್ಕು ಗಂಟೆ ಬೇಕಾಗುತ್ತದೆ. ಇರುವೆ ಕಚ್ಚಿದರೂ ಅಲ್ಲಾಡುವ ಹಾಗಿಲ್ಲ. ಜೊತೆಗೆ ಯಾವಾಗಲೂ ಇನ್ನೊಬ್ಬ ಇರುತ್ತಾನೆ, ಅವನಿಗೆ ಸ್ಪಾಟರ್ ಅನ್ನುತ್ತಾರೆ. ಗಾಳಿ ಎಷ್ಟು, ದೂರ ಎಷ್ಟು ಎಂದು ಕಿವಿಯಲ್ಲಿ ಹೇಳುವವನು. ಇವರ ಸ್ಪಾಟರ್ ಕೊಡಗಿನ ಬಿದ್ದಪ್ಪ, ಇವರಿಗಿಂತ ನಾಲ್ಕು ವರ್ಷ ಚಿಕ್ಕವನು, ಬಾಯಿ ಮಾತ್ರ ನಲವತ್ತು ವರ್ಷ ದೊಡ್ಡದು.

ಹೊಸ ಹೆಂಡತಿ ನಾನು, ಬೆಳಿಗ್ಗೆ ಪ್ರೀತಿಯಿಂದ ಅವರ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ ಕಳಿಸಿದ್ದೆ. ಬಿಸಿಲಲ್ಲಿ ತಂಪಾಗಿರಲಿ ಅಂತ. ನಾಲ್ಕು ಗಂಟೆ ತೆವಳಿ, ಮೊಣಕೈ ಸುಲಿದುಕೊಂಡು, ಇನ್ನೇನು ಬಂದೂಕು ಎತ್ತಬೇಕು ಅನ್ನುವಾಗ ಗಾಳಿ ತಿರುಗಿತು. ಅಧಿಕಾರಿ ದುರ್ಬೀನು ಕೆಳಗಿಟ್ಟು, ಮೂಗು ಮೇಲೆತ್ತಿ, "ಯಾರಪ್ಪ ಅಲ್ಲಿ, ಕೊಬ್ಬರಿ ಎಣ್ಣೆ? ಎದ್ದು ಬಾ" ಅಂದರಂತೆ.

ಸಂಜೆ ಇಬ್ಬರೂ ಮನೆಗೆ ಬಂದರು, ತಲೆಯಿಂದ ಕಾಲಿನ ತನಕ ಕೆಸರು. ಶಿಕ್ಷೆಯಾಗಿ ಇಡೀ ದಾರಿಯನ್ನು ಮತ್ತೆ ತೆವಳಿಸಿದ್ದರು. ನಮ್ಮವರು ನೇರ ಸ್ನಾನಕ್ಕೆ ಹೋದರು. ಬಿದ್ದಪ್ಪ ಬಾಗಿಲಲ್ಲೇ ನಿಂತು ಕೈ ಮುಗಿದ.

"ಅಕ್ಕ, ಇನ್ನೊಂದು ಸ್ವಲ್ಪ ಒಗ್ಗರಣೆನೂ ಹಾಕಿ ಕಳಿಸಿ. ಸಾಹೇಬರು ಊಟಾನೇ ಮಾಡಿಬಿಡ್ತಾರೆ."

ನನಗೆ ಅಳು ಬಂದುಬಿಟ್ಟಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಘಮಘಮ ಅನ್ನುವುದೆಲ್ಲ ಬಂದ್. ಅಭ್ಯಾಸಕ್ಕೆ ಮೂರು ದಿನ ಮೊದಲಿನಿಂದ ಊದುಬತ್ತಿ ಇಲ್ಲ, ಪರಿಮಳದ ಸೋಪು ಇಲ್ಲ, ಬಟ್ಟೆ ಒಗೆಯಲು ಬರೀ ಸೋಡಾ. ಮದರಂಗಿಯ ಹುಡುಗಿ, ನೀನು ಇದನ್ನು ಬರೆದಿಟ್ಟುಕೋ.

ಕೆಲವು ವರ್ಷದ ಮೇಲೆ ನಮ್ಮವರಿಗೂ ಬಿದ್ದಪ್ಪನಿಗೂ ಒಟ್ಟಿಗೇ ದೆಹಲಿಗೆ ವರ್ಗವಾಯಿತು, ಬೇರೆ ಬೇರೆ ಪಡೆಯವರಿಗೆ ಕಲಿಸುವ ಒಂದು ತರಬೇತಿ ಕೇಂದ್ರಕ್ಕೆ. ಗುರುಗ್ರಾಮದ ಆಚೆ, ಅರಾವಳಿಯ ಕುರುಚಲು ಗುಡ್ಡಗಳ ನಡುವೆ ಗುಂಡಿನ ಮೈದಾನ. ಮನೆ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ. ಬಿದ್ದಪ್ಪ, ಅವನ ಹೆಂಡತಿ ಮುತ್ತಮ್ಮ ಪಕ್ಕದ ಬ್ಲಾಕಿನಲ್ಲಿ. ತರಕಾರಿ ಭಯ್ಯಾಗೆ ನಾವು ನೌಕಾಪಡೆಯವರು ಎಂದು ಗೊತ್ತಾದ ದಿನ ಅವನು ತಕ್ಕಡಿ ಕೆಳಗಿಟ್ಟು ಕೇಳಿದ: "ನೇವಿವಾಲೇ ದಿಲ್ಲಿ ಮೇ ಕ್ಯಾ ಕರ್ತೇ ಹೈ ಭಾಭೀಜಿ? ಯಮುನಾ ಮೇ ಜಹಾಜ್ ಚಲಾತೇ ಹೈ?" ಬಿದ್ದಪ್ಪ ಇದನ್ನು ಕೇಳಿ ಒಂದು ವಾರ ನಕ್ಕ. ಆಮೇಲೆ ಯಾರು ಕೇಳಿದರೂ ಅದೇ ಉತ್ತರ, ಯಮುನೆಯಲ್ಲಿ ಹಡಗು ಓಡಿಸುತ್ತೇವೆ.

ಅಲ್ಲಿಂದ ನನಗೂ ಕೆಲಸ ಸಿಕ್ಕಿತು ನೋಡಿ! ಸ್ನೈಪರ್‌ಗೆ ಕೈಗಿಂತ ಕಣ್ಣು, ಕಣ್ಣಿಗಿಂತ ನೆನಪು ಮುಖ್ಯ. ಅದಕ್ಕೆ ಒಂದು ಅಭ್ಯಾಸವಿದೆ. ಒಂದು ತಟ್ಟೆಯಲ್ಲಿ ಇಪ್ಪತ್ತು ವಸ್ತು ಇಟ್ಟು ಬಟ್ಟೆ ಮುಚ್ಚಬೇಕು. ಒಂದು ನಿಮಿಷ ತೆಗೆದು ತೋರಿಸಿ ಮತ್ತೆ ಮುಚ್ಚಬೇಕು. ಅರ್ಧ ಗಂಟೆ ಬೇರೆ ಏನಾದರೂ ಕೆಲಸ ಮಾಡಿಸಿ ಆಮೇಲೆ ಕೇಳಬೇಕು, ಏನೇನಿತ್ತು, ಹೇಗಿತ್ತು ಎಂದು. ಪ್ರತಿದಿನ ಹೊಸ ತಟ್ಟೆ ಇಡುವವರು ಯಾರು? ನಾನು! ಮೊದಮೊದಲು ಕೀಲಿಕೈ, ಚಮಚ, ಬೆಂಕಿಪೊಟ್ಟಣ ಇಡುತ್ತಿದ್ದೆ. ಅವರಿಗೆ ಅದು ಆಟ. ಆಮೇಲೆ ನನಗೆ ಹಟ ಬಂತು. ಎರಡು ಏಲಕ್ಕಿ ಇಡುತ್ತಿದ್ದೆ, ಒಂದು ಒಡೆದದ್ದು. ನಾಲ್ಕು ರಂಧ್ರದ ಗುಂಡಿಯಲ್ಲಿ ಮೂರಕ್ಕೆ ಮಾತ್ರ ದಾರ ಪೋಣಿಸಿ ಇಡುತ್ತಿದ್ದೆ. "ಮಾರಾಯ್ತಿ, ನೀನು ಶತ್ರುವಿಗಿಂತ ಕಷ್ಟ" ಅನ್ನುತ್ತಿದ್ದರು. ನನಗೆ ಪದಕ ಸಿಕ್ಕಷ್ಟು ಸಂತೋಷ.

ಗಾಳಿ ಓದುವುದೂ ನನಗೆ ಬಂದುಬಿಟ್ಟಿತು. ಬಾಲ್ಕನಿಯಲ್ಲಿ ನಿಂತು ಎದುರಿನ ಬ್ಲಾಕುಗಳ ತಂತಿಯ ಮೇಲಿನ ಬಟ್ಟೆ ನೋಡಿ ಅವರು ಹೇಳುತ್ತಿದ್ದರು: ಹತ್ತಿ ದುಪ್ಪಟ್ಟಾದ ತುದಿ ಮಾತ್ರ ಆಡಿದರೆ ಇಷ್ಟು, ಬೆಡ್‌ಶೀಟ್ ಉಬ್ಬಿದರೆ ಅಷ್ಟು, ಜೀನ್ಸ್ ಕಾಲು ಅಲ್ಲಾಡಿದರೆ ಇವತ್ತು ಗುಂಡು ಬೇಡ. ಎರಡನೇ ಮಹಡಿಯ ಬಟ್ಟೆ ಪೂರ್ವಕ್ಕೆ, ನಾಲ್ಕನೇ ಮಹಡಿಯದು ಪಶ್ಚಿಮಕ್ಕೆ ಹಾರುವುದನ್ನು ಮೊದಲ ಸಲ ನಾನೇ ತೋರಿಸಿದೆ. ಈಗಿನ ಹುಡುಗರ ಹತ್ತಿರ ಅಂಗೈಯಷ್ಟು ಯಂತ್ರವಿದೆ. ಗಾಳಿ, ಸೆಕೆ, ತೇವ ಎಲ್ಲ ಅದೇ ಲೆಕ್ಕ ಹಾಕಿ ಹೇಳುತ್ತದೆ. ಒಳ್ಳೆಯದೇ. ಅದು ಹೇಳುವುದು ಯಂತ್ರ ಇರುವ ಜಾಗದ ಗಾಳಿ, ಗುರಿ ಇರುವ ಜಾಗದ್ದಲ್ಲ. ಹಾಗಾಗಿ ಬಟ್ಟೆ ನೋಡುವುದನ್ನು ಬಿಡಬೇಡಿ.

ಈಗ ಕೊತ್ತಂಬರಿ ಪ್ರಸಂಗ. ಇದನ್ನು ಹೇಳುವಾಗ ನನಗೆ ಈಗಲೂ ಕೂತಲ್ಲೇ ಕೂರಲಾಗುವುದಿಲ್ಲ!

ಮೇ ತಿಂಗಳು. ಮೈದಾನದಲ್ಲಿ ಕುಟುಂಬದವರಿಗೆಲ್ಲ ಆಹ್ವಾನ. ಶಾಮಿಯಾನ, ಕುರ್ಚಿ, ಸಮೋಸ, ರೂಹಫ್ಜಾದ ಕೆಂಪು ಬಣ್ಣದ ಶರಬತ್ತು. ಎದುರಿಗೆ ಹಸಿಹುಲ್ಲು, ಮುಳ್ಳುಪೊದೆ ತುಂಬಿದ ಇಳಿಜಾರು. ಅದರಲ್ಲಿ ಆರು ಜನ ಬೆಳಿಗ್ಗೆ ಏಳಕ್ಕೇ ಅಡಗಿದ್ದಾರೆ, ಹುಡುಕಿ ನೋಡೋಣ ಎಂದರು ಕಮಾಂಡರ್ ಸಾಹೇಬರು. ಹರಿಯಾಣದವರು ಅವರು, ಕಲ್ಲಿನಂಥ ಮುಖ, ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ದುರ್ಬೀನುಗಳು ಕೈಯಿಂದ ಕೈಗೆ ಹೋದವು. ಅಧಿಕಾರಿಗಳೂ ನೋಡಿದರು, ಯಾರಿಗೂ ಸಿಗಲಿಲ್ಲ. ನನಗೆ ದುರ್ಬೀನು ಬರುವಷ್ಟರಲ್ಲಿ ಹನ್ನೊಂದು ಗಂಟೆ. ಒಂದು ಕೈಯಲ್ಲಿ ಅರ್ಧ ಸಮೋಸ.

ನೋಡಿದೆ. ಹುಲ್ಲು, ಹುಲ್ಲು, ಪೊದೆ. ಒಂದು ಕಡೆ ಹುಲ್ಲು ತಲೆ ಬಗ್ಗಿಸಿತ್ತು. ಸುತ್ತಲಿನದು ನೆಟ್ಟಗೆ, ಅದೊಂದು ಮಾತ್ರ ಬೆಳಿಗ್ಗೆ ತಂದು ಫ್ರಿಜ್ಜಿಗೆ ಇಡಲು ಮರೆತ ಕೊತ್ತಂಬರಿ ಕಟ್ಟಿನ ಹಾಗೆ ಜೋತುಬಿದ್ದಿತ್ತು. ಅರೆ! ಅದು ಬೇರಿನ ಮೇಲೆ ನಿಂತ ಹುಲ್ಲಲ್ಲ, ಕಿತ್ತು ಅಂಗಿಗೆ ಸಿಕ್ಕಿಸಿದ ಹುಲ್ಲು.

"ಅಲ್ಲಿ ಒಬ್ಬರು" ಅಂದೆ ಮೆಲ್ಲಗೆ. "ಆ ಬಿಳಿ ಕಲ್ಲಿನ ಎಡಕ್ಕೆ ಇನ್ನೊಬ್ಬರು. ಮೇಲೆ, ಜಾಲಿ ಮರದ ಬುಡದಲ್ಲೂ ಇದ್ದಾರೆ."

ಒಬ್ಬ ಸಿಪಾಯಿ ಓಡಿಹೋಗಿ ನಿಂತು ನೋಡಿದ, ಕೈ ಎತ್ತಿದ. ಮೂರಕ್ಕೆ ಮೂರೂ ಸರಿ! ಶಾಮಿಯಾನದಲ್ಲಿ ಹೋ ಎಂದು ಸದ್ದು. ಮುತ್ತಮ್ಮ ನನ್ನ ಬೆನ್ನಿಗೆ ಗುದ್ದೇ ಗುದ್ದಿದಳು. ಕಮಾಂಡರ್ ಸಾಹೇಬರು ಎದುರು ಬಂದು ನಿಂತು, ಹೇಗೆ ಗೊತ್ತಾಯಿತು ಎಂದು ಕೇಳಿದರು. "ಸರ್, ಧನಿಯಾ ಭೀ ಐಸೇ ಹೀ ಮುರ್ಝಾತಾ ಹೈ" ಅಂದೆ, ಕೊತ್ತಂಬರಿಯೂ ಹೀಗೇ ಬಾಡುತ್ತದೆ ಅಂತ. ಅವರು ನನ್ನ ಕೈಯ ಅರ್ಧ ಸಮೋಸವನ್ನೊಮ್ಮೆ ನೋಡಿದರು. ಆಮೇಲೆ ಆ ಕಲ್ಲಿನ ಮುಖ ಒಡೆಯಿತು. ನಕ್ಕರು!

ನಮ್ಮವರ ಮುಖ ಮಾತ್ರ ಕೆಂಪಾಗಿತ್ತು, ಏಕೆಂದರೆ ಆ ಆರು ಜನರಿಗೂ ಕಲಿಸಿದವರು ಅವರೇ. ಮನೆಗೆ ಬಂದು ಕೇಳಿದರು: "ಕೊತ್ತಂಬರಿ ಬಾಡದ ಹಾಗೆ ಏನು ಮಾಡ್ತೀಯಾ?" ಬುಡಕ್ಕೆ ಒದ್ದೆ ಬಟ್ಟೆ ಸುತ್ತುತ್ತೇನೆ ಅಂದೆ. ಮರುವಾರದಿಂದ ಅಲ್ಲಿನ ಹುಡುಗರು ಹುಲ್ಲಿನ ಬುಡಕ್ಕೆ ಒದ್ದೆ ಬಟ್ಟೆಯ ಚೂರು ಸುತ್ತಿ ಸಿಕ್ಕಿಸಿಕೊಳ್ಳತೊಡಗಿದರು, ಎರಡು ಗಂಟೆಗೊಮ್ಮೆ ಹೊಸ ಹುಲ್ಲು. ಅದಕ್ಕೆ 'ಧನಿಯಾ ನಿಯಮ' ಎಂದು ಹೆಸರು.

ಇಷ್ಟೆಲ್ಲ ನೋಡುತ್ತೇನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ನಾನು, ಮುಂದಿನ ಚಳಿಗಾಲದಲ್ಲಿ ಕಣ್ಣೆದುರಿಗೇ ಇದ್ದದ್ದನ್ನು ಎಷ್ಟು ದಿನ ನೋಡಲಿಲ್ಲ ಎಂದು ಈಗ ಹೇಳಬೇಕು. ಅದಕ್ಕೆ ಮೊದಲು ಕುರ್ಚಿಯ ವಿಷಯ.

ಅವರ ತುಕಡಿಯಲ್ಲಿ ಒಂದು ಪದ್ಧತಿ ಇತ್ತು, ದೆಹಲಿಯ ಕೇಂದ್ರದಲ್ಲೂ ಅದು ನಡೆಯುತ್ತಿತ್ತು. ವರ್ಷಕ್ಕೊಮ್ಮೆ, ಹಿರಿಯ ಅಧಿಕಾರಿಗಳು ಮತ್ತು ಕುಟುಂಬದವರ ಮುಂದೆ ಪ್ರದರ್ಶನ. ಇನ್ನೂರು ಮೀಟರ್ ಆಚೆ ಒಂದು ಮರದ ಕುರ್ಚಿ. ಕುರ್ಚಿಯ ಪಕ್ಕದಲ್ಲಿ, ಕೂತವರ ಕಿವಿಯಿಂದ ಒಂದು ಗೇಣು ದೂರದಲ್ಲಿ, ಕಾಫಿ ಸಾಸರ್‌ನಷ್ಟು ಉಕ್ಕಿನ ಬಿಲ್ಲೆ ತೂಗುಬಿಟ್ಟಿರುತ್ತದೆ. ಒತ್ತೆಯಾಳಿನ ಪಕ್ಕದಲ್ಲೇ ಶತ್ರು ಇದ್ದಾನೆ ಎಂದು ಲೆಕ್ಕ. ಸ್ನೈಪರ್ ಆ ಬಿಲ್ಲೆಗೆ ನಿಜವಾದ ಗುಂಡು ಹೊಡೆಯಬೇಕು. ಕುರ್ಚಿಯಲ್ಲಿ ಕೂರುವಂತೆ ಯಾರಿಗೂ ಆಜ್ಞೆ ಮಾಡುವಂತಿಲ್ಲ. ಗುಂಡು ಹಾರಿಸುವವನ ಜೊತೆಗಾರ ತಾನಾಗಿ ಹೋಗಿ ಕೂರುತ್ತಾನೆ. ಒಂಬತ್ತು ವರ್ಷ ನಮ್ಮವರು ಗುಂಡು ಹಾರಿಸಿದರು. ಒಂಬತ್ತು ವರ್ಷವೂ ಬಿದ್ದಪ್ಪ ಹೋಗಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ಒಂದು ಸಲ ಪೇಪರ್ ಓದುತ್ತ ಕೂತಿದ್ದ, ಅದಕ್ಕೆ ಬೈಸಿಕೊಂಡ.

ಆ ವರ್ಷದ ಪ್ರದರ್ಶನ ಫೆಬ್ರವರಿಯಲ್ಲಿ. ಜನವರಿಯಿಂದ ನಮ್ಮವರಿಗೆ ಮನೆಯ ಮೇಲೆ ಸಿಟ್ಟು ಬರತೊಡಗಿತು. ಬಚ್ಚಲಿನ ಟೈಲ್ಸ್ ಸಾಲು ಸೊಟ್ಟ ಹಾಕಿದ್ದಾರೆ ಅಂದರು. ಇಷ್ಟು ವರ್ಷ ಸರಿಯಿತ್ತಲ್ಲ ಅಂದುಕೊಂಡೆ. ಕಿಟಕಿಯ ಸರಳು ಬಗ್ಗಿದೆ ಅಂದರು. ಒಂದು ಭಾನುವಾರ ಕುರ್ಚಿ ಹತ್ತಿ ಗೋಡೆಯ ಕ್ಯಾಲೆಂಡರ್, ನಮ್ಮ ಮದುವೆಯ ಫೋಟೋ ಎಲ್ಲವನ್ನೂ ಒಂದು ಕಣ್ಣು ಮುಚ್ಚಿ ನೋಡಿ ನೋಡಿ 'ಸರಿ' ಮಾಡಿದರು. ಆಗ ಹತ್ತು ವರ್ಷದವಳಾಗಿದ್ದ ಮಗಳು ಅನಘಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಪಪ್ಪಾ, ಟೇಢಾ ಹೋ ಗಯಾ! ಅಮ್ಮ, ಸೊಟ್ಟ ಮಾಡಿದ್ರು ನೋಡು, ಫೋಟೋದಲ್ಲಿ ನೀನು ಬೀಳ್ತಾ ಇದ್ದೀಯ."

"ನನ್ನ ಕಣ್ಣಿಗೆ ಪಾಠ ಹೇಳ್ತೀಯೇನೆ?" ಎಂದು ನಕ್ಕರು. ನಾನೂ ನಕ್ಕೆ. ಎಂಥ ಪೆದ್ದಿ! ಆಮೇಲೆ ಬಿದ್ದಪ್ಪ ಮಾತಿನ ನಡುವೆ ಹೇಳಿದ, ಎರಡು ವಾರದಿಂದ ಅಣ್ಣನ ಗುಂಡುಗಳು ಒಂದೇ ಕಡೆಗೆ ಸರಿಯುತ್ತಿವೆ, ಬಂದೂಕಿನ ದೋಷ ಅಂತ ರಿಪೇರಿಗೆ ಕೊಟ್ಟರೆ ಅಲ್ಲಿ ಏನೂ ಸಿಗಲಿಲ್ಲ, ಅದಕ್ಕೆ ಅಣ್ಣ ಬಂದೂಕಿನ ದೂರದರ್ಶಕವನ್ನೇ ಒಂದೆರಡು ಗೆರೆ ತಿರುಗಿಸಿ ಸರಿ ಮಾಡಿಕೊಂಡಿದ್ದಾರೆ ಎಂದು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಬಂದೂಕು ಸರಿಯಿದೆ. ಗೋಡೆ ಸರಿಯಿದೆ. ಟೈಲ್ಸ್ ಸರಿಯಿದೆ.

ಪ್ರದರ್ಶನಕ್ಕೆ ಒಂಬತ್ತು ದಿನ ಉಳಿದಿತ್ತು.

ಮರುದಿನ ಸಂಜೆ ಅನಘಾಳ ಗಣಿತದ ಚೌಕುಳಿ ಪುಸ್ತಕ ತೆಗೆದುಕೊಂಡು ಅವರ ಮುಂದೆ ಕೂತೆ. ಖಾಲಿ ಪುಟ ತೆರೆದು, "ಎಡಗಣ್ಣು ಮುಚ್ಚಿ ನೋಡಿ, ಗೆರೆ ಹೇಗಿವೆ ಹೇಳಿ" ಅಂದೆ.

"ಹೊಸ ಆಟವೋ?" ಎಂದು ನೋಡಿದರು. "ನಡುವೆ ಸೊಟ್ಟ ಮುದ್ರಿಸಿದ್ದಾರೆ. ಇಲ್ಲಿ ಸ್ವಲ್ಪ ಮಸುಕು."

ನಾನು ಪುಸ್ತಕವನ್ನು ತಲೆಕೆಳಗು ಮಾಡಿದೆ. "ಈಗ?"

"ಈಗಲೂ ನಡುವೆಯೇ."

ಪುಟ ತಿರುಗಿಸಿದೆ. ಇನ್ನೊಂದು. ಮತ್ತೊಂದು. ಅವರು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರು. ಮತ್ತೆ ಬಲಗಣ್ಣಿನಲ್ಲಿ. ಪುಸ್ತಕ ಮುಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡು ಅದರ ಮೂಲೆಯ ಮಡಿಕೆಯನ್ನು ಹೆಬ್ಬೆರಳಿನಿಂದ ನೇರ ಮಾಡುತ್ತ ಕೂತರು. ಕೆಳಗೆ ಯಾರೋ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ಔಟೋ ಅಲ್ಲವೋ ಎಂದು ಜಗಳ.

"ಬಿಲ್ಲೆ ಕಾಣುತ್ತೆ" ಅಂದರು ಕೊನೆಗೆ. "ತಿದ್ದಿಕೊಂಡಿದ್ದೇನೆ. ಮೊನ್ನೆ ಹತ್ತಕ್ಕೆ ಹತ್ತು ಹೊಡೆದೆ."

"ಬಿದ್ದಪ್ಪ ಕಾಣ್ತಾನಾ?"

ಅವರು ಮತ್ತೆ ಆ ಮಡಿಕೆಯ ಮೇಲೆ ಹೆಬ್ಬೆರಳು ಒತ್ತಿದರು.

"ಅದು ದಿನಾ ಒಂದೇ ಥರ ಸೊಟ್ಟ ಇರುತ್ತೆ ಅಂತ ಹೇಗೆ ಗೊತ್ತು? ಇವತ್ತು ಇಷ್ಟು, ಎಂಟು ದಿನದ ಮೇಲೆ ಎಷ್ಟೋ."

"ಲೀಲಾ, ಒಂದು ಸಲ ಬಂದೂಕು ಕೆಳಗಿಟ್ಟರೆ ಮತ್ತೆ ಕೊಡಲ್ಲ. ಗೊತ್ತಾ ನಿನಗೆ? ನಾನು ಬೇರೆ ಏನು ಕಲಿತಿದ್ದೇನೆ?" ಅವರ ದನಿ ಏರಿತು. ಮದುವೆಯಾದ ಮೇಲೆ ಅದೇ ಮೊದಲು. "ಪ್ರದರ್ಶನ ಒಂದು ಮುಗೀಲಿ, ಆಮೇಲೆ ಡಾಕ್ಟರ ಹತ್ತಿರ ಹೋಗ್ತೇನೆ."

ನನಗೆ ಜೋರು ಮಾತು ಬರುವುದಿಲ್ಲ. ನಮ್ಮ ಸಿಸ್ಟರ್‌ಗಳು ಅದನ್ನು ಕಲಿಸಲಿಲ್ಲ. ನಾನು ಹೇಳಿದ್ದು ಇಷ್ಟೇ: "ನಾಳೆ ಹನ್ನೊಂದಕ್ಕೆ ಮುತ್ತಮ್ಮ ಚಕ್ಕುಲಿ ಮಾಡಲು ಬರ್ತಾಳೆ. ಅವಳ ಎದುರು ಹಿಟ್ಟು ಕಲಸುತ್ತ ಸುಮ್ಮನಿರಲು ನನ್ನಿಂದ ಆಗಲ್ಲ. ನೀವು ಹೇಳ್ತೀರೋ, ನಾನು ಹೇಳಲೋ?"

ಬೆಳಿಗ್ಗೆ ಅವರು ಆರಕ್ಕೇ ಸಿದ್ಧರಾದರು. ಚಹಾ ಬೇಡ ಅಂದರು. ಚಪ್ಪಲಿಯ ಜಾಗದಲ್ಲಿ ನಿಂತು ಬೂಟಿನ ದಾರವನ್ನು ಎರಡು ಸಲ ಬಿಚ್ಚಿ ಕಟ್ಟಿದರು. ಹನ್ನೊಂದಕ್ಕೆ ಮುತ್ತಮ್ಮ ಬಂದಳು. ನಾನು ಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ, ಗೊತ್ತಿಲ್ಲ. ಹನ್ನೊಂದೂವರೆಗೆ ಅವರ ಫೋನು. "ಹೇಳಿದೆ" ಅಂದರು. ಆಸ್ಪತ್ರೆಯಿಂದ ಮಾತಾಡುತ್ತಿದ್ದರು.

ಕಣ್ಣಿನ ಪರದೆಯ ಹಿಂದೆ ನೀರು ಸೇರಿಕೊಂಡಿದೆ ಅಂದರಂತೆ ಡಾಕ್ಟರು. ಕೆಲವು ತಿಂಗಳಲ್ಲಿ ಇಳಿಯಬಹುದು, ಒಂದು ಚೂರು ಮಸುಕು ಉಳಿಯಲೂಬಹುದು. ದಿನದ ಕೆಲಸಕ್ಕೆ ತೊಂದರೆಯಿಲ್ಲ. ಬಂದೂಕು ಇನ್ನು ಬೇಡ.

ಕಮಾಂಡರ್ ಸಾಹೇಬರ ಕೋಣೆಯಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಬಿದ್ದಪ್ಪ. ಸಾಹೇಬರು ಬೈಯಲಿಲ್ಲವಂತೆ. ಒಂದು ಲೋಟ ನೀರು ಇವರ ಕಡೆ ಸರಿಸಿದರಂತೆ. ಪ್ರದರ್ಶನ ರದ್ದು ಮಾಡೋಣವೇ ಎಂದು ಕೇಳಿದಾಗ ಇವರು, "ಬೇಡ ಸಾಬ್. ಬಿದ್ದಪ್ಪ ಹೊಡೀತಾನೆ" ಅಂದರಂತೆ.

"ಔರ್ ಕುರ್ಸೀ ಪೇ ಕೌನ್ ಬೈಠೇಗಾ?" ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಸಾಹೇಬರು.

"ಮೈ," ನಾನೇ, ಅಂದರಂತೆ ಇವರು.

"ಉಸ್ ಪರ್ ಇತ್ನಾ ಭರೋಸಾ ಹೈ?"

"ಒಂಬತ್ತು ವರ್ಷ ಅವನಿಗೆ ನನ್ನ ಮೇಲೆ ಭರವಸೆ ಇತ್ತಲ್ಲ ಸಾಬ್" ಎಂದು ಹಿಂದಿಯಲ್ಲಿ ಹೇಳಿ ಇವರು ಸೆಲ್ಯೂಟ್ ಹೊಡೆದು ಬಂದರಂತೆ.

ಇದನ್ನು ನನಗೆ ಹೇಳುವಾಗ ಬಿದ್ದಪ್ಪನ ಬಾಯಲ್ಲಿ ಒಂದೂ ತಮಾಷೆ ಇರಲಿಲ್ಲ. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿ ತೋರಿಸಿದ. "ಅಕ್ಕ, ನೋಡಿ, ಹೇಗೆ ನಡುಗುತ್ತಿವೆ. ನನಗೂ ಗುಂಡು ಹೊಡೆಯಲು ಬರುತ್ತೆ, ದಿನಾ ಹೊಡೀತೀನಿ. ಅಣ್ಣನ ಕಿವಿ ಪಕ್ಕ ಹೊಡೆದಿಲ್ಲ."

ಒಳಕೋಣೆಯಿಂದ ನಮ್ಮವರ ದನಿ ಬಂತು: "ನಡುಗಲಿ ಬಿಡೋ. ಗುಂಡು ಹೊರಡೋ ಹೊತ್ತಿಗೆ ನಿಂತರೆ ಸಾಕು. ನಾಳೆಯಿಂದ ಆರು ದಿನ, ದಿನಕ್ಕೆ ಐವತ್ತು. ಊಟ ಮಾಡಿ ಹೋಗಿ ಮಲಗು."

ಆ ಆರು ದಿನ ಇವರು ಮನೆಗೆ ಬರುತ್ತಿದ್ದದ್ದು ಬರೀ ಧೂಳು ತೊಳೆಯಲು. ವಿಚಿತ್ರ ನೋಡಿ, ನಾನು ಅಂದುಕೊಂಡಂತೆ ಮಂಕಾಗಿರಲಿಲ್ಲ. ಹೊಸ ಕೆಲಸ ಸಿಕ್ಕವರ ಹಾಗಿದ್ದರು. ಊಟದ ತಟ್ಟೆಯಲ್ಲಿ ಅನ್ನದ ಗುಡ್ಡ ಮಾಡಿ, ಬಿದ್ದಪ್ಪ ಉಸಿರು ಬಿಡುವುದು ಎಲ್ಲಿ ತಪ್ಪುತ್ತಿದ್ದಾನೆ ಎಂದು ನನಗೆ ತೋರಿಸುವರು. ಗುಂಡು ಹಾರಿಸುವವನು ಬಿದ್ದಪ್ಪ, ಹಸಿವು ಇವರಿಗೆ!

ಪ್ರದರ್ಶನದ ಬೆಳಿಗ್ಗೆ ಮಂಜು ಬೇಗ ಕರಗಿತು. ಬಿಸಿಲು ತೆಳ್ಳಗಿತ್ತು. ನಾನು, ಮುತ್ತಮ್ಮ ಎರಡನೇ ಸಾಲಿನಲ್ಲಿ ಅಕ್ಕಪಕ್ಕ ಕೂತೆವು. ಮೈದಾನದ ತುದಿಯಲ್ಲಿ ಬಿದ್ದಪ್ಪ ಬಂದೂಕಿನ ಹಿಂದೆ ಮಲಗಿದ. ಇವರು ನಡೆಯತೊಡಗಿದರು. ಇನ್ನೂರು ಮೀಟರ್ ಎಷ್ಟು ಉದ್ದ ಎಂದು ಅವತ್ತು ನನಗೆ ಗೊತ್ತಾಯಿತು. ಎಷ್ಟು ಹೊತ್ತಾದರೂ ಮುಗಿಯದು. ಕುರ್ಚಿ ತಲುಪಿ, ಅದರ ಮೇಲಿನ ಧೂಳನ್ನು ಕೈಯಿಂದ ಒರೆಸಿ, ನಮ್ಮ ಕಡೆ ಮುಖ ಮಾಡಿ ಕೂತರು. ಕಾಲ ಮೇಲೆ ಕಾಲು ಹಾಕಲಿಲ್ಲ. ಶಾಲೆಯ ಫೋಟೋಕ್ಕೆ ಕೂತವರ ಹಾಗೆ ಎರಡೂ ಕೈ ಮೊಣಕಾಲ ಮೇಲಿಟ್ಟರು. ಪಕ್ಕದಲ್ಲಿ ಬಿಲ್ಲೆ ಒಂದು ಸಲ ಮಿಂಚಿತು.

ನನ್ನ ಕೈ ಮುತ್ತಮ್ಮನ ಕೈಯನ್ನು ಯಾವಾಗ ಹಿಡಿಯಿತೋ.

"ಉಸಿರಾಡಿ ಅಕ್ಕ" ಅಂದಳು ಅವಳು, ಎದುರಿಗೇ ನೋಡುತ್ತ. "ಹತ್ತರಿಂದ ಹಿಂದಕ್ಕೆ ಎಣಿಸಿ. ಸೊನ್ನೆ ಬಂದರೆ ಮತ್ತೆ ಹತ್ತರಿಂದ."

ಎಣಿಸಿದೆ. ಹತ್ತು, ಒಂಬತ್ತು. ಮೈದಾನದ ಬದಿಯ ಕೆಂಪು ಬಾವುಟ ಮಲಗಿತ್ತು. ಎದ್ದಿತು. ಬಿದ್ದಪ್ಪ ಹೊಡೆಯಲಿಲ್ಲ. ಹತ್ತು, ಒಂಬತ್ತು, ಎಂಟು. ಬಾವುಟ ಮಲಗಿತು, ನಡುವಿನ ಹುಲ್ಲು ಇನ್ನೂ ಓಲಾಡುತ್ತಿತ್ತು. ಈಗ ಬೇಡ ಬಿದ್ದಪ್ಪ, ಈಗ ಬೇಡ ಎಂದು ನನ್ನ ಬಾಯಿ ಸದ್ದಿಲ್ಲದೆ ಆಡಿತು. ಅವನು ಹೊಡೆಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾನು ನಾಲ್ಕನೇ ಸಲ ಆರಕ್ಕೆ ಬಂದಿದ್ದೆ.

ಗುಂಡಿನ ಸದ್ದು, ಅದರ ಹಿಂದೆಯೇ ಠಣ್ ಎಂದು ಉಕ್ಕಿನ ಸದ್ದು! ಬಿಲ್ಲೆ ಬುಗುರಿಯ ಹಾಗೆ ಗಿರಗಿರ ತಿರುಗಿತು. ಕುರ್ಚಿಯಲ್ಲಿ ಇವರು ಹಾಗೇ ಇದ್ದರು, ಕೈ ಮೊಣಕಾಲ ಮೇಲೇ. ಆಮೇಲೆ ಒಂದು ಕೈ ಮೇಲೆ ಹೋಯಿತು. ಇಡೀ ಮೈದಾನ ಎದ್ದು ನಿಂತಿತು. ಚಪ್ಪಾಳೆ, ಸೀಟಿ, ಯಾರೋ "ಶಾಬಾಶ್, ಯಮುನಾ ನೇವಿ!" ಎಂದು ಕೂಗಿದರು. ನಾನು ಮುತ್ತಮ್ಮನ ಕೈ ಬಿಡದೆ ಕೂತಲ್ಲೇ ಇದ್ದೆ. ಅಳುತ್ತ ನಗುತ್ತಿದ್ದೆ.

ಇವರು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಇಡೀ ಇನ್ನೂರು ಮೀಟರ್ ನಡೆದು ಬಂದು, ಇನ್ನೂ ನೆಲದ ಮೇಲೇ ಕೂತಿದ್ದ ಬಿದ್ದಪ್ಪನ ಮುಂದೆ ಹಿಡಿದರು.

"ನಡುವಿನಿಂದ ಎಡಕ್ಕೆ ಒಂದು ಕೂದಲು ಹೋಗಿದೆ."

ಬಿದ್ದಪ್ಪ ಕಣ್ಣೊರೆಸಿಕೊಂಡು ತಲೆ ಎತ್ತಿದ. "ಯಾವ ಕಣ್ಣಲ್ಲಿ ನೋಡಿ ಹೇಳ್ತಾ ಇದ್ದೀರಿ ಗುರುಗಳೇ?"

"ಎಡಗಣ್ಣಲ್ಲಿ. ಅದು ಇನ್ನೂ ಡ್ಯೂಟಿಯಲ್ಲಿದೆ."

ಕಮಾಂಡರ್ ಸಾಹೇಬರಿಗೆ ಕನ್ನಡ ಬಾರದು, ಆದರೂ ನಕ್ಕರು. ನಾನು ನೋಡಿದ್ದು ಎರಡನೇ ಸಲ.

ಅದಾದ ಮೇಲೆ ನಮ್ಮವರು ಇನ್ನೂ ಐದು ವರ್ಷ ಕಲಿಸಿದರು. ಗುರಿ ಇಟ್ಟು ಒಂದೂ ಗುಂಡು ಹಾರಿಸಲಿಲ್ಲ. ಅವರ ಕೈಯಲ್ಲಿ ತಯಾರಾದವರು ಎಷ್ಟು ಜನ ಎಂದು ಹುಡುಗರೇ, ನೀವು ಹೋದ ಕಡೆ ಕೇಳಿ ನೋಡಿ.

ಅವತ್ತು ಮೈದಾನ ಖಾಲಿಯಾಗುತ್ತಿದ್ದಾಗ ಮುತ್ತಮ್ಮ ಮೆಲ್ಲಗೆ ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಅವಳ ಮುಂಗೈ ಮೇಲೆ ನನ್ನ ನಾಲ್ಕು ಉಗುರಿನ ಗುರುತು ಕೆಂಪಗೆ ಕೂತಿತ್ತು. ನನಗೆ ನಾಚಿಕೆಯಾಗಿ ಅದನ್ನು ಉಜ್ಜಲು ಹೋದೆ.

"ಇರಲಿ ಬಿಡಿ ಅಕ್ಕ" ಅಂದಳು. ಸಿಟ್ಟಿಲ್ಲ, ಬೇಸರವಿಲ್ಲ, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು. "ನಮ್ಮವರು ಅಲ್ಲಿ ಕೂತ ಮೊದಲನೇ ವರ್ಷ ನಾನು ಕಿರುಚಿಯೇಬಿಟ್ಟಿದ್ದೆ. ನೀವು ಚಪ್ಪಾಳೆ ತಟ್ತಾ ಇದ್ದಿರಿ, ನಿಮಗೆ ಕೇಳಿಸಲಿಲ್ಲ."